ಪರದೆಯ ಮೇಲೆ ಏಳು ಸುತ್ತಿನ ಕೋಟೆ: ಆನ್‌ಲೈನ್ ಕೌನ್ಸೆಲಿಂಗ್‌ನಲ್ಲಿ ಡಿಜಿಟಲ್ ಸಾಧನಗಳನ್ನು ಬಳಸುವುದು ಹೇಗೆ

ನಾನು ದಾವಣಗೆರೆಯಲ್ಲಿ ಕೂತು ಕೌನ್ಸೆಲಿಂಗ್ ಮಾಡುತ್ತೇನೆ. ಬರುವವರಲ್ಲಿ ತುಂಬಾ ಜನ ಈಗ ವಿಡಿಯೋ ಕಾಲ್‌ನಲ್ಲೇ ಬರುತ್ತಾರೆ. ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಮೊಳಕಾಲ್ಮುರು ಕಡೆಯವರು. ಬಸ್ ಹತ್ತಿ ಬಂದು ಹೋಗುವುದರಲ್ಲಿ ಒಂದು ದಿನದ ಕೆಲಸ ತಪ್ಪುತ್ತದೆ, ಎಲ್ಲಿಗೆ ಹೋಗಿದ್ದೆ ಅಂತ ಮನೆಯಲ್ಲಿ ಕೇಳುತ್ತಾರೆ, ಗುರುತಿನವರು ಯಾರಾದರೂ ನೋಡಿದರೆ ಅನ್ನುವ ಭಯ ಬೇರೆ. ಹಾಗಾಗಿ ಆನ್‌ಲೈನ್ ಅವರಿಗೆ ಅನುಕೂಲ. ಆದರೆ ಎದುರು ಕೂತಾಗ ಇದ್ದ ಒಂದು ಸಂಗತಿ ಪರದೆಯಲ್ಲಿ ಕಾಣೆಯಾಗುತ್ತದೆ. ಕೈಗೆ ಮಾಡಲು ಏನೂ ಇರುವುದಿಲ್ಲ.

ನನ್ನ ಕೋಣೆಯ ಟೇಬಲ್ ಮೇಲೆ ಬಿಳಿ ಹಾಳೆ, ಸ್ಕೆಚ್ ಪೆನ್ನು, ಒಂದು ಬಟ್ಟಲು ಗೋಲಿ ಇರುತ್ತವೆ. ಮಾತು ಬರದಿದ್ದಾಗ ಜನ ಗೋಲಿ ಉರುಳಿಸುತ್ತಾರೆ, ಹಾಳೆಯ ಮೂಲೆಯಲ್ಲಿ ಏನೋ ಗೀಚುತ್ತಾರೆ, ಗೀಚುತ್ತಾ ಗೀಚುತ್ತಾ ಮಾತು ಶುರುವಾಗುತ್ತದೆ. ವಿಡಿಯೋ ಕಾಲ್‌ನಲ್ಲಿ ಇರುವುದು ಎರಡು ಮುಖ ಮಾತ್ರ. ಅದರಲ್ಲೊಂದು ಅವರದೇ ಮುಖ! ತಾನು ಅಳುವುದನ್ನು ತಾನೇ ನೋಡುತ್ತಾ ಯಾರಿಗೆ ತಾನೇ ಅಳಲು ಆಗುತ್ತದೆ? ಹದಿನೈದು ವರ್ಷದ ಒಬ್ಬ ಹುಡುಗ ಮೊದಲ ಮೂರು ಸಲವೂ ಕ್ಯಾಮೆರಾವನ್ನು ಮೇಲಿನ ಫ್ಯಾನಿಗೆ ತಿರುಗಿಸಿಟ್ಟು 'ಹ್ಞೂಂ', 'ಇಲ್ಲ' ಅಂತಷ್ಟೇ ಹೇಳಿದ. ನಾಲ್ಕನೇ ಸಲ ನಾನು ಏನೂ ಕೇಳಲಿಲ್ಲ. ಪರದೆಯ ಮೇಲೆ ಖಾಲಿ ವೈಟ್‌ಬೋರ್ಡ್ (ಇಬ್ಬರೂ ಬೆರಳಿನಿಂದ ಬರೆಯಬಹುದಾದ ಪುಟ) ತೆರೆದು, 'ಇವತ್ತು ಸ್ಕೂಲಿಂದ ಮನೆಗೆ ಬಂದ ದಾರಿ ಗೆರೆಯಲ್ಲಿ ಹಾಕು' ಅಂದೆ. ಅವನು ಗೆರೆ ಎಳೆದ. ಒಂದು ಕಡೆ ಗೆರೆ ಸುಮ್ನೆ ಸುತ್ತು ಹಾಕಿಕೊಂಡು ಹೋಗಿತ್ತು. 'ಇಲ್ಲಿ ಯಾಕೆ ಸುತ್ತಿದೆ?' ಅಂದೆ. ಆ ಓಣಿಯಲ್ಲಿ ಕಾಯುತ್ತಾ ನಿಲ್ಲುತ್ತಿದ್ದ ಹುಡುಗರ ವಿಷಯ ಆಗ ಹೊರಗೆ ಬಂತು. (ಇಲ್ಲಿ ಬರುವ ಎಲ್ಲ ಉದಾಹರಣೆಗಳಲ್ಲೂ ಊರು, ವಯಸ್ಸು, ವಿವರ ಬದಲಾಯಿಸಿದ್ದೇನೆ. ಯಾರ ಗುರುತೂ ಸಿಗಬಾರದು.)

ಕೌನ್ಸೆಲಿಂಗ್ ಕಲಿತು, ಈಗಾಗಲೇ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಆ್ಯಪ್ ಅನ್ನುವುದು ಆಮೇಲಿನ ಮಾತು. ಪೆನ್ನು ಅವರ ಕೈಯಲ್ಲಿ ಇದೆಯಾ ಅಂತ ಮೊದಲು ನೋಡಿ. ನೀವು ಬಣ್ಣಬಣ್ಣದ ಸ್ಲೈಡ್ ತೋರಿಸಿ ವಿವರಿಸುತ್ತಾ ಹೋದರೆ ಅದು ಪಾಠ ಆಗುತ್ತದೆ. ಅವರು ಒಂದು ಚುಕ್ಕಿ ಇಟ್ಟರೂ ಸಾಕು, ಅಲ್ಲಿಂದ ಕೆಲಸ ಶುರು.

ಮೊದಲು ಅವರ ಫೋನ್ ನೋಡಿ

ನಾವು ಲ್ಯಾಪ್‌ಟಾಪ್ ಮುಂದೆ ಕೂತು ಚೆಂದದ ಬೋರ್ಡ್ ತಯಾರು ಮಾಡುತ್ತೇವೆ, ಆ ಕಡೆಯವರು ಅದನ್ನು ಅಂಗೈ ಅಗಲದ ಫೋನ್‌ನಲ್ಲಿ, ಎಷ್ಟೋ ಸಲ ಗಾಜು ಒಡೆದ ಫೋನ್‌ನಲ್ಲಿ ನೋಡುತ್ತಾರೆ. ಹಾಗಾಗಿ ಏನೇ ತಯಾರು ಮಾಡಿದರೂ, ಇನ್ನೊಂದು ಫೋನ್ ತಗೊಂಡು ವೈಫೈ ಬಂದ್ ಮಾಡಿ ಮೊಬೈಲ್ ಡೇಟಾದಲ್ಲಿ ನೀವೇ ಕ್ಲೈಂಟ್ ಆಗಿ ಒಳಗೆ ಬಂದು ನೋಡಿ. ಅಕ್ಷರ ಓದಲು ಆಗುತ್ತಾ? ಬೆರಳಿನಿಂದ ಗೆರೆ ಎಳೆಯಲು ಆಗುತ್ತಾ? ಒಂದು ಪುಟದಲ್ಲಿ ನಾಲ್ಕು ಚೌಕಕ್ಕಿಂತ ಜಾಸ್ತಿ ಇಡಬೇಡಿ. ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ವರ್ಕ್‌ಶೀಟ್‌ಗಳು ನಮ್ಮೆಲ್ಲರ ಹತ್ತಿರ ಇವೆ ಅಲ್ವಾ, ಆ ಫೈಲನ್ನು ಹಾಗೇ ಕಳಿಸಿದರೆ ಫೋನ್‌ನಲ್ಲಿ ಕನ್ನಡದ ಬದಲು ಏನೇನೋ ಗುರುತು ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸಿ, ಇಲ್ಲದಿದ್ದರೆ ಪಿಡಿಎಫ್ ಮಾಡಿ. ಕನ್ನಡ ಟೈಪ್ ಮಾಡಲು ಬಾರದವರಿಗೆ ಜಿಬೋರ್ಡ್‌ನ ಮೈಕ್ ಒತ್ತಿ ಮಾತಾಡುವುದನ್ನು ಒಂದು ಸಲ ತೋರಿಸಿ ಕೊಟ್ಟರೆ ಸಾಕು, ಆಮೇಲೆ ಅವರೇ ಬರೆಯುತ್ತಾರೆ.

ಡೇಟಾ ಖರ್ಚನ್ನೂ ಮೊದಲೇ ಹೇಳಿ. ಇಬ್ಬರೇ ಇರುವ ವಿಡಿಯೋ ಕಾಲ್‌ಗೆ ಗಂಟೆಗೆ ಸುಮಾರು ಅರ್ಧ ಜಿಬಿ ಹೋಗಬಹುದು. ದಿನಕ್ಕೆ ಇಷ್ಟೇ ಅಂತ ಪ್ಯಾಕ್ ಹಾಕಿಸಿಕೊಂಡಿರುವ ಮನೆಯಲ್ಲಿ ಅದು ಸಣ್ಣ ಲೆಕ್ಕ ಆಗುವುದಿಲ್ಲ.

ಝೂಮ್‌ನ ಉಚಿತ ಪ್ಲ್ಯಾನ್‌ನಲ್ಲಿ 40 ನಿಮಿಷಕ್ಕೆ ಕಾಲ್ ಮುಗಿಯುತ್ತದೆ. ನಮ್ಮ ಸೆಷನ್ 50 ನಿಮಿಷ. ಯಾರೋ ಕಷ್ಟಪಟ್ಟು ಒಂದು ಮಾತು ಶುರು ಮಾಡಿದ ಕ್ಷಣದಲ್ಲೇ ಪರದೆ ಕಪ್ಪಾದರೆ ಆ ಮಾತು ಮತ್ತೆ ಬರಲು ತಿಂಗಳು ಬೇಕಾಗಬಹುದು. ಹಣ ಕೊಟ್ಟು ಪ್ಲ್ಯಾನ್ ತಗೊಳ್ಳಿ, ಇಲ್ಲವೇ ಗೂಗಲ್ ಮೀಟ್ ಬಳಸಿ, ಅಲ್ಲಿ ಇಬ್ಬರೇ ಇದ್ದರೆ ಆ ಕಾಟ ಇಲ್ಲ. ಆದರೆ ಝೂಮ್‌ನಲ್ಲಿ ಒಂದು ಒಳ್ಳೆಯದಿದೆ. ನೀವು ಸ್ಕ್ರೀನ್ ಷೇರ್ ಮಾಡಿದಾಗ ಅವರು ಫೋನ್‌ನಲ್ಲೇ ಪೆನ್ಸಿಲ್ ಗುರುತು ಒತ್ತಿ ಅದರ ಮೇಲೆ ಬೆರಳಿನಿಂದ ಬರೆಯಬಹುದು. ಬೇರೆ ಆ್ಯಪ್ ಬೇಡ, ಬೇರೆ ಲಿಂಕ್ ಬೇಡ. ನನಗೆ ಇದು ಒಂದೇ ಕಾರಣ ಸಾಕು.

ಮೀಟ್ ಬಳಸುವುದಾದರೆ ಎಕ್ಸ್‌ಕ್ಯಾಲಿಡ್ರಾ ತರಹದ ಉಚಿತ ಬೋರ್ಡಿನ ಲಿಂಕನ್ನು ಚಾಟ್‌ನಲ್ಲಿ ಕಳಿಸಬಹುದು. ಅದಕ್ಕೆ ಖಾತೆ ತೆರೆಯಬೇಕಿಲ್ಲ. ಗೂಗಲ್ ಸ್ಲೈಡ್ಸ್ ಕೂಡ ಆಗುತ್ತದೆ. ಆದರೆ ಹಳೆ ಫೋನ್‌ಗಳು ಎರಡು ಆ್ಯಪ್ ಒಟ್ಟಿಗೆ ತೆರೆದರೆ ತಡವರಿಸುತ್ತವೆ. ಹಾಗಾದಾಗ ನೀವು ಅವರ ಕೈ ಆಗಿ. 'ಈ ಚುಕ್ಕಿ ಎಲ್ಲಿಡಲಿ? ಇನ್ನೂ ಮೇಲಾ? ಇಲ್ಲಾ? ನೀವು ನಿಲ್ಲಿಸು ಅನ್ನುವವರೆಗೂ ಸರಿಸುತ್ತೀನಿ' ಅನ್ನಿ. 'ನಿಲ್ಲಿಸು' ಅನ್ನುವ ಅಧಿಕಾರ ಅವರ ಹತ್ತಿರ ಇದ್ದರೆ ಪೆನ್ನೂ ಅವರ ಹತ್ತಿರವೇ ಇದ್ದ ಹಾಗೆ.

ಒಂದೇ ಸಾಧನದ ಮೇಲೆ ಎಲ್ಲ ಭಾರ ಹಾಕಬೇಡಿ. ಗೂಗಲ್‌ನ ಜಾಮ್‌ಬೋರ್ಡ್ ಅನ್ನುವ ವೈಟ್‌ಬೋರ್ಡ್ ನೆಚ್ಚಿಕೊಂಡಿದ್ದವರು ಎಷ್ಟೋ ಜನ, ಅದು 2024ರ ಡಿಸೆಂಬರ್ 31ಕ್ಕೆ ನಿಂತೇ ಹೋಯಿತು. ನಿಮ್ಮ ಚಿತ್ರ, ಚೌಕ, ಪದಗಳ ಪಟ್ಟಿಯನ್ನು ಸಾಮಾನ್ಯ ಚಿತ್ರಗಳಾಗಿ ನಿಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳಿ. ಆಗ ಯಾವ ಬೋರ್ಡ್ ಆದರೂ ನಡೆಯುತ್ತದೆ.

ಇನ್ನೊಂದು ಸಣ್ಣ ಕೆಲಸ, ಮೊದಲ ದಿನವೇ ಮಾಡಿ. ಝೂಮ್‌ನಲ್ಲಿ 'ಹೈಡ್ ಸೆಲ್ಫ್ ವ್ಯೂ' ಅಂತ ಇದೆ. ಅದನ್ನು ಒತ್ತಿಸಿ, ಅವರ ಮುಖ ಅವರಿಗೆ ಕಾಣದ ಹಾಗೆ ಮಾಡಿ. ಎಷ್ಟೋ ಜನ ಆಗ ಉಸಿರು ಬಿಡುತ್ತಾರೆ.

ಸುರಕ್ಷತೆಯ ಮಾತು ಆಟಕ್ಕಿಂತ ಮುಂಚೆ

ಮೊದಲ ಸೆಷನ್‌ಗೆ ಮುಂಚೆ ಹತ್ತು ನಿಮಿಷದ ಟ್ರಯಲ್ ಕಾಲ್ ಮಾಡಿ, ದುಡ್ಡು ತಗೊಳ್ಳಬೇಡಿ. ಅದರಲ್ಲಿ ಬೋರ್ಡ್ ಮೇಲೆ ಹೆಸರು ಬರೆಸಿ, ಒಂದು ಹೂವು ಬಿಡಿಸಿ, ಅಳಿಸಿ. ಹಾಗೇ ಈ ವಿಷಯಗಳನ್ನು ಕೇಳಿ ಬರೆದುಕೊಳ್ಳಿ: ಈಗ ನೀವು ಕೂತಿರುವ ಜಾಗದ ವಿಳಾಸ ಏನು, ಮನೆಯಲ್ಲಿ ಯಾರಿದ್ದಾರೆ, ತುರ್ತು ಬಂದರೆ ನಾನು ಯಾರಿಗೆ ಫೋನ್ ಮಾಡಲಿ, ಹತ್ತಿರದ ಆಸ್ಪತ್ರೆ ಯಾವುದು. ವಿಳಾಸವನ್ನು ಪ್ರತಿ ಸಲವೂ ಕೇಳಬೇಕು, ಯಾಕೆಂದರೆ ಇವತ್ತು ಹರಿಹರದ ಮನೆಯಲ್ಲಿದ್ದವರು ಮುಂದಿನ ವಾರ ತವರಿನಲ್ಲಿರಬಹುದು. ಟೆಲಿ ಮಾನಸ್‌ನ 14416 ನಂಬರನ್ನು ಫೋನ್‌ನಲ್ಲಿ ಸೇವ್ ಮಾಡಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ನಾವು ಮಲಗಿರುವ ಹೊತ್ತಿನಲ್ಲಿ ಅವರಿಗೆ ಒಂದು ದಾರಿ ಇರಲೇಬೇಕು. ಜೀವಕ್ಕೆ ಅಪಾಯ ಇದ್ದರೆ 112.

ಕೂರುವ ಜಾಗದ ಬಗ್ಗೆಯೂ ಮಾತಾಡಿ. ನಮ್ಮ ಕಡೆ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂರುವುದೇ ಅನುಮಾನಕ್ಕೆ ಕಾರಣ. ನನ್ನ ಕ್ಲೈಂಟ್‌ಗಳು ಮಹಡಿ ಮೇಲೆ, ನಿಲ್ಲಿಸಿದ ಕಾರಿನಲ್ಲಿ, ಅಡಿಕೆ ತೋಟದ ಬದುವಿನಲ್ಲಿ ಕೂತು ಮಾತಾಡಿದ್ದಾರೆ. ಇಯರ್‌ಫೋನ್ ಬೇಕೇ ಬೇಕು. ಯಾರಾದರೂ ಹತ್ತಿರ ಬಂದರೆ ಹೇಳಲು ಒಂದು ಮಾತು ಇಟ್ಟುಕೊಳ್ಳಿ. ನನ್ನ ಒಬ್ಬ ಕ್ಲೈಂಟ್ 'ಮಂಡಕ್ಕಿ ತರಬೇಕಿತ್ತು' ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ತಕ್ಷಣ ನಾನು ಬೋರ್ಡ್ ಮುಚ್ಚಿ, ಮೊದಲೇ ತೆಗೆದಿಟ್ಟಿರುವ ಹೊಲಿಗೆ ಡಿಸೈನ್‌ನ ಪುಟ ತೆರೆಯುತ್ತೇನೆ. ಬೋರ್ಡ್ ಬಳಸುವವರು ಇದನ್ನು ಮರೆಯಬಾರದು. ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಪರದೆ ಮೇಲೆ ನಿಂತಿರುತ್ತದೆ.

ಗೆರೆ, ಮೈ, ಮತ್ತು ನಮ್ಮ ಪದಗಳು

ಶುರು ಮಾಡುವವರು ಒಂದೇ ಒಂದು ಗೆರೆಯಿಂದ ಶುರು ಮಾಡಿ. ಅಡ್ಡ ಗೆರೆ, ಒಂದು ತುದಿಯಲ್ಲಿ 0, ಇನ್ನೊಂದು ತುದಿಯಲ್ಲಿ 10. 'ಈಗ ನಿಮ್ಮ ತಳಮಳ ಎಲ್ಲಿದೆ, ಒಂದು ಚುಕ್ಕಿ ಇಡಿ.' ಜೋಸೆಫ್ ವೋಲ್ಪಿ ಎಂಬ ಮನೋವೈದ್ಯರು 0ಯಿಂದ 100ರವರೆಗಿನ ಇಂಥ ಅಳತೆಯನ್ನು ಬಳಕೆಗೆ ತಂದರು, ಫೋನ್ ಪರದೆಗೆ 10 ಸಾಕು. ಸೆಷನ್ ಮುಗಿಯುವಾಗ ಅದೇ ಗೆರೆ ಮೇಲೆ ಇನ್ನೊಂದು ಬಣ್ಣದ ಚುಕ್ಕಿ ಇಡಿಸಿ. ಚುಕ್ಕಿ ಮೇಲಕ್ಕೆ ಹೋಗಿದ್ದರೂ ಗಾಬರಿ ಬೇಡ, 'ಏನು ಹೆಚ್ಚಾಯಿತು?' ಅಂತ ಕೇಳಿ. ಒಬ್ಬರು ಚುಕ್ಕಿಯನ್ನು ಗೆರೆಯ ಆಚೆ, ಹತ್ತರಿಂದ ತುಂಬಾ ದೂರ ಇಟ್ಟಿದ್ದರು. ಮಾತಿನಲ್ಲಿ ಅವರು 'ಪರವಾಗಿಲ್ಲ' ಅಂತಲೇ ಹೇಳುತ್ತಿದ್ದರು.

ಆಮೇಲೆ ಭಾವನೆಗಳ ಚಕ್ರ, ಅಂದರೆ ಭಾವನೆಗಳ ಹೆಸರುಗಳನ್ನು ಸುತ್ತಲೂ ಬರೆದಿರುವ ಚಿತ್ರ. ಇಂಟರ್‌ನೆಟ್‌ನಲ್ಲಿ ಸಿಗುವ ಇಂಗ್ಲಿಷ್ ಚಕ್ರವನ್ನು ಕನ್ನಡಕ್ಕೆ ಮಾಡಿ ಇಟ್ಟರೆ ಯಾರೂ ಅದನ್ನು ಮುಟ್ಟುವುದಿಲ್ಲ, ನಾನು ಮಾಡಿ ನೋಡಿದ್ದೇನೆ. 'ಖಿನ್ನತೆ', 'ಆತಂಕ', 'ಹತಾಶೆ' ಇವೆಲ್ಲ ಪೇಪರ್ ಪದಗಳು. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನಮ್ಮವರು 'ಬೇಜಾರು' ಅನ್ನುತ್ತಾರೆ. ಆ ಒಂದು ಪದದೊಳಗೆ ದುಃಖ ಇದೆ, ಕೆಲಸವಿಲ್ಲದ ಬೇಸರ ಇದೆ, ಯಾರದೋ ಮಾತಿನಿಂದ ಆದ ನೋವು ಇದೆ, ಬದುಕೇ ಸಾಕಾಗಿದೆ ಅನ್ನುವುದೂ ಇದೆ. ಇದರಲ್ಲಿ ಯಾವುದು ಅಂತ ತಿಳಿಯದೆ ಮುಂದೆ ಹೋಗಬಾರದು. ಹಾಗಾಗಿ ನಾನು ನನ್ನದೇ ಪದಗಳ ಚೀಟಿಗಳನ್ನು ಮಾಡಿಕೊಂಡಿದ್ದೇನೆ: ಬೇಜಾರು, ಸಂಕಟ, ಕಸಿವಿಸಿ, ತಳಮಳ, ದಿಗಿಲು, ಸಿಟ್ಟು, ಒಳಗೊಳಗೇ ಕುದಿ, ಹೊಟ್ಟೆಕಿಚ್ಚು, ನಾಚಿಕೆ, ಅವಮಾನ, ಹೇಸಿಗೆ, ಸಾಕಪ್ಪಾ ಸಾಕು, ಯಾರೂ ಇಲ್ಲ, ಹಗುರ, ನೆಮ್ಮದಿ, ಖುಷಿ. ಒಂದು ಸ್ಲೈಡ್‌ನಲ್ಲಿ ಚೀಟಿಗಳಂತೆ ಹರಡಿ ಇಟ್ಟು, ಪಕ್ಕದಲ್ಲಿ ಎರಡು ಖಾಲಿ ಚೀಟಿ ಇಡಿ. ಇವತ್ತಿನ ಮೂರು ಚೀಟಿ ಆರಿಸಿ ನಡುವೆ ತರಲು ಹೇಳಿ. ಆ ಖಾಲಿ ಚೀಟಿ ಮುಖ್ಯ. ಚಳ್ಳಕೆರೆ ಕಡೆಯ ಒಬ್ಬ ಹೆಂಗಸು ಅದರ ಮೇಲೆ 'ಬಾವಿಗೆ ಹಗ್ಗ ಸಾಲುತ್ತಿಲ್ಲ' ಅಂತ ಬರೆದರು. ಅವರ ಜೊತೆ ಮುಂದಿನ ಮೂರು ತಿಂಗಳು ನಾವು ಆ ಮಾತನ್ನೇ ಹಿಡಿದು ಕೆಲಸ ಮಾಡಿದೆವು. ಈ ವಾರ ಹಗ್ಗ ಎಷ್ಟು ಉದ್ದ ಇದೆ, ಯಾರು ಒಂದು ಮಾರು ಹಗ್ಗ ಕೊಟ್ಟರು, ಯಾರು ಕತ್ತರಿಸಿದರು.

ಪದವೂ ಬರದವರಿಗೆ ಮೈಯ ಚಿತ್ರ. ಸುಮ್ನೆ ಒಂದು ಮನುಷ್ಯನ ಹೊರಗೆರೆ. ಎಲ್ಲಿ ಏನಾಗುತ್ತದೆ ಅಂತ ಬಣ್ಣ ಹಚ್ಚಲಿ. ಎದೆ ಭಾರ, ತಲೆ ಬಿಸಿ, ಹೊಟ್ಟೆ ತೊಳಸುವುದು, ಕೈಕಾಲು ಸೋತ ಹಾಗೆ ಆಗುವುದು: ನಮ್ಮ ಜನ ಮನಸ್ಸಿನ ನೋವನ್ನು ಮೈಯಿಂದಲೇ ಹೇಳುವುದು ಜಾಸ್ತಿ. ಅದನ್ನು 'ನಿಜವಾದ ಭಾವನೆ ಹೇಳಿ' ಅಂತ ತಿದ್ದಲು ಹೋಗಬೇಡಿ, ಎದೆಗೆ ಹಚ್ಚಿದ ಕಪ್ಪು ಬಣ್ಣವೇ ಅವರ ಉತ್ತರ. ಆದರೆ ಎದೆನೋವು ಹೊಸದಾಗಿ ಬಂದಿದ್ದರೆ ಮೊದಲು ಡಾಕ್ಟರ್ ಹತ್ತಿರ ಕಳಿಸಿ.

ಏಳು ಸುತ್ತು

ಚಿತ್ರದುರ್ಗದವರಿಗೆ ಇದು ಹೇಳಿಕೊಡಬೇಕಿಲ್ಲ, ಅವರ ಕೋಟೆಗೆ ಏಳು ಸುತ್ತು. ಮದುವೆಯಾಗಿ ಕೂಡು ಕುಟುಂಬಕ್ಕೆ ಬಂದು, ಎಲ್ಲರಿಗೂ 'ಹ್ಞೂಂ' ಅನ್ನುತ್ತಾ ಅನ್ನುತ್ತಾ ನಿದ್ದೆ ಕಳೆದುಕೊಂಡಿದ್ದ ಒಬ್ಬರ ಜೊತೆ ಮಾತಾಡುವಾಗ ಇದು ಹುಟ್ಟಿತು. 'ಬೇಡ ಅನ್ನುವುದನ್ನು ಕಲಿಯಿರಿ' ಅಂತ ನಾನು ಎರಡು ಸಲ ಹೇಳಿದ್ದೆ. ಅದರಿಂದ ಏನೂ ಆಗಲಿಲ್ಲ. ಮೂರನೇ ಸಲ ಒಂದರೊಳಗೊಂದು ಏಳು ಸುತ್ತು ಬರೆದು, ನಡುವೆ ಒಂದು ಚುಕ್ಕಿ ಇಟ್ಟು, 'ಇದು ನೀವು. ಯಾರು ಯಾರು ಎಷ್ಟನೇ ಸುತ್ತಿನವರೆಗೆ ಬಂದಿದ್ದಾರೆ?' ಅಂದೆ.

ಮಾಡುವ ಬಗೆ ಹೀಗೆ. ಗೂಗಲ್ ಸ್ಲೈಡ್ಸ್‌ನಲ್ಲಿ ಏಳು ಸುತ್ತನ್ನು ಹಿನ್ನೆಲೆಯ ಚಿತ್ರವಾಗಿ ಹಾಕಿ, ಇಲ್ಲದಿದ್ದರೆ ಬೆರಳು ತಾಗಿದಾಗ ಕೋಟೆಯೇ ಸರಿದುಹೋಗುತ್ತದೆ. ಅದರ ಮೇಲೆ ಸರಿಸಲು ಆಗುವಂಥ ಹತ್ತು ಬಣ್ಣದ ಬಿಲ್ಲೆ ಇಡಿ, ಬೆರಳ ತುದಿಯಷ್ಟು ದೊಡ್ಡದಿರಲಿ. ಬಿಲ್ಲೆಗೆ ಹೆಸರು ಬೇಡ, ಅಕ್ಷರ ಸಾಕು: ಅ, ಗ, ಮಾ. ಯಾರಾದರೂ ಆ ಪುಟ ನೋಡಿದರೂ ಅರ್ಥ ಆಗಬಾರದು. ಮೊದಲ ಪುಟದಲ್ಲಿ 'ಈಗ ಎಲ್ಲಿದ್ದಾರೆ' ಅಂತ ಇಡಲಿ. ನೀವು ಮಾತಾಡಬೇಡಿ. ಒಂದು ಬಿಲ್ಲೆ ಇಟ್ಟು ಮತ್ತೆ ತೆಗೆದು ಇನ್ನೊಂದು ಕಡೆ ಇಡುತ್ತಾರೆ, ಆ ಅನುಮಾನವನ್ನು ಗಮನಿಸಿ, ಆಮೇಲೆ ಕೇಳಲು ಬರುತ್ತದೆ. ಪುಟದ ನಕಲು ಮಾಡಿ, ಎರಡನೇ ಪುಟದಲ್ಲಿ 'ನಿಮಗೆ ಎಲ್ಲಿರಬೇಕು ಅನಿಸುತ್ತದೆ' ಅಂತ ಇಡಲಿ. ಎರಡು ಪುಟವನ್ನೂ ಅಕ್ಕಪಕ್ಕ ನೋಡಿದಾಗ ಕೆಲಸದ ಪಟ್ಟಿ ತಾನಾಗಿ ಸಿಗುತ್ತದೆ, ಎಲ್ಲ ಬಿಲ್ಲೆ ಒಟ್ಟಿಗೆ ಸರಿಸಲು ಹೋಗಬೇಡಿ, ಅತಿ ಸುಲಭದ ಒಂದನ್ನು ಒಂದು ಸುತ್ತು ಹೊರಗೆ ಸರಿಸಲು ಈ ವಾರ ಏನು ಮಾಡಬಹುದು ಅಂತ ಮಾತ್ರ ಕೇಳಿ. ನನ್ನ ಕ್ಲೈಂಟ್ ನೋಡುತ್ತಾ ನೋಡುತ್ತಾ ತಾವೇ ಒಂದು ಮಾತು ಹೇಳಿದರು: 'ಬಾಗಿಲೆಲ್ಲ ಹಾಕಿದ್ದೀನಿ ಮೇಡಂ, ಆದರೆ ಕಿಂಡಿ ಒಂದಿದೆ.' ಕಿಂಡಿ ಅಂದರೆ ರಾತ್ರಿ ಹನ್ನೊಂದಕ್ಕೆ ಬರುವ ಒಂದು ಫೋನ್ ಕಾಲ್. ಓಬವ್ವನ ಊರಿನವರಿಗೆ ಕಿಂಡಿಯ ಮಾತು ಎಷ್ಟು ಸಹಜವಾಗಿ ಬರುತ್ತದೆ ನೋಡಿ. ಆಮೇಲೆ ಕೆಲಸವೆಲ್ಲ ಆ ಕಿಂಡಿಯ ಮೇಲೆ ನಡೆಯಿತು.

ನಿಮ್ಮ ಕ್ಲೈಂಟ್‌ಗೆ ಕೋಟೆ ಹೊಂದದೇ ಇರಬಹುದು. ಭದ್ರಾ ಕಾಲುವೆಯ ನೀರಿನ ಮೇಲೆ ಬದುಕುವ ರೈತರಿಗೆ ತೂಬು ಮತ್ತು ಕಾಲುವೆ ಹೊಂದುತ್ತದೆ: ಶಕ್ತಿ ಎಲ್ಲಿಂದ ಬರುತ್ತಿದೆ, ಎಲ್ಲಿ ಸೋರುತ್ತಿದೆ. ಚಿತ್ರ ಅವರ ಊರಿನದ್ದಾಗಿರಲಿ.

ಓದುವ ಮಕ್ಕಳಿಗೆ ನಾಲ್ಕು ಚೌಕ, ಹೆದರಿದವರಿಗೆ ಮೆಟ್ಟಿಲು

ದಾವಣಗೆರೆಗೆ ಪಿಯುಸಿ ಓದಲು ಬಂದು ಹಾಸ್ಟೆಲ್‌ನಲ್ಲಿರುವ ಮಕ್ಕಳು ತುಂಬಾ. ಅವರಿಗೆ ಸಿಬಿಟಿಯ (ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ) ನಾಲ್ಕು ಚೌಕ ಚೆನ್ನಾಗಿ ಕೆಲಸ ಮಾಡುತ್ತದೆ. ಏನಾಯ್ತು, ತಲೆಗೆ ಏನು ಬಂತು, ಮೈಯಲ್ಲಿ ಏನಾಯ್ತು, ಆಮೇಲೆ ಏನು ಮಾಡಿದೆ. ಟೆಸ್ಟ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂತು, 'ಅಪ್ಪ ಸಾಲ ಮಾಡಿದ್ದು ನೀರಲ್ಲಿ ಹೋಯ್ತು', ಕೈ ತಣ್ಣಗಾಯ್ತು, ಮೂರು ದಿನ ಕ್ಲಾಸಿಗೆ ಹೋಗಲಿಲ್ಲ. ಅವರು ಟೈಪ್ ಮಾಡುವಾಗ ಅಳಿಸಿ ಮತ್ತೆ ಬರೆಯುವುದು ನಿಮಗೂ ಕಾಣುತ್ತದೆ. ಅಳಿಸಿದ್ದನ್ನು ಎತ್ತಿ ಆಡಬೇಡಿ. ನೀವು ನೋಡುತ್ತಿದ್ದೀರಿ ಅಂತ ಮೊದಲೇ ಹೇಳಿರಿ.

ಬೈಪಾಸ್‌ನಲ್ಲಿ ಅಪಘಾತ ನೋಡಿ ಬಸ್ ಹತ್ತಲು ಹೆದರುತ್ತಿದ್ದವರ ಜೊತೆ ಎಂಟು ಮೆಟ್ಟಿಲು ಬರೆದೆವು. ಬಸ್ಸಿನ ಫೋಟೋ ನೋಡುವುದು ಮೊದಲ ಮೆಟ್ಟಿಲು, ನಿಂತ ಸಿಟಿ ಬಸ್ಸಿನಲ್ಲಿ ಎರಡು ನಿಮಿಷ ಕೂರುವುದು ನಾಲ್ಕನೆಯದು, ಒಬ್ಬರೇ ಹರಿಹರಕ್ಕೆ ಹೋಗಿ ಬರುವುದು ಕೊನೆಯದು. ಆನ್‌ಲೈನ್ ಇಲ್ಲಿ ನಮ್ಮ ಕೋಣೆಗಿಂತ ಮೇಲು. ಅವರು ಫೋನ್ ಹಿಡಿದು ಬಸ್ ಸ್ಟ್ಯಾಂಡಿಗೇ ಹೋಗುತ್ತಾರೆ, ನಾನು ಕಿವಿಯಲ್ಲಿ ಇರುತ್ತೇನೆ. ಪ್ರತಿ ಎರಡು ನಿಮಿಷಕ್ಕೆ ಒಂದು ಸಂಖ್ಯೆ ಕೇಳಿ ನಾನು ಗೆರೆಯ ಮೇಲೆ ಚುಕ್ಕಿ ಇಡುತ್ತೇನೆ, ಸಂಜೆ ಆ ಚುಕ್ಕಿಗಳ ಏರು ಇಳಿಯನ್ನು ಒಟ್ಟಿಗೆ ನೋಡುತ್ತೇವೆ. ರಸ್ತೆ ದಾಟುವಾಗ ಫೋನ್ ಜೇಬಿನಲ್ಲಿರಬೇಕು, ಇದು ಖಡಾಖಂಡಿತ. ಎಕ್ಸ್‌ಪೋಷರ್, ಅಂದರೆ ಹೆದರಿಕೆಯನ್ನು ಹೀಗೆ ಹಂತ ಹಂತವಾಗಿ ಎದುರಿಸುವುದನ್ನು, ಮಾಡಿಸುವ ತರಬೇತಿ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.

ಉಸಿರಾಟಕ್ಕೆ ಹಿಗ್ಗಿ ಕುಗ್ಗುವ ಚೆಂಡಿನ ವಿಡಿಯೋ ತೋರಿಸುವವರು ಒಂದು ವಿಷಯ ತಿಳಿದಿರಿ. ನೆಟ್‌ವರ್ಕ್ ತಡವಾಗುತ್ತದೆ. ನೀವು 'ಒಳಗೆ' ಅನ್ನುವಾಗ ಅವರ ಕಡೆ ಚೆಂಡು ಕುಗ್ಗುತ್ತಿರಬಹುದು. ಉಸಿರು ಕಟ್ಟುತ್ತಿದೆ ಅನ್ನುವವರಿಗೆ ಅದು ಇನ್ನೂ ಕಷ್ಟ. ಎಣಿಕೆ ಅವರೇ ಮಾಡಲಿ, ನೀವು ಅವರ ಹಿಂದೆ ಹೋಗಿ.

ಚಿಕ್ಕ ಮಕ್ಕಳು

ಹತ್ತು ವರ್ಷದೊಳಗಿನ ಮಕ್ಕಳಿಗೆ 30 ನಿಮಿಷ ಸಾಕು. ಮೊದಲ ಐದು ನಿಮಿಷ ಅಪ್ಪ ಅಮ್ಮ ಇರಲಿ, ಆಮೇಲೆ ಪಕ್ಕದ ಕೋಣೆಯಲ್ಲಿ, ಕರೆದರೆ ಬರುವಷ್ಟು ಹತ್ತಿರ. ನಾನು ಚೌಕಾಬಾರದ ಮನೆಯನ್ನು ಸ್ಲೈಡ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಕವಡೆ ನಿಜವಾದದ್ದೇ, ಮಗು ತನ್ನ ಮನೆಯಲ್ಲಿ ಎಸೆದು ಕ್ಯಾಮೆರಾಗೆ ತೋರಿಸುತ್ತದೆ. ಕೆಲವು ಮನೆಗಳಲ್ಲಿ ಪ್ರಶ್ನೆ ಇರುತ್ತದೆ: ನಿನಗೆ ಸಿಟ್ಟು ಬಂದದ್ದು ಯಾವಾಗ, ರಾತ್ರಿ ಹೆದರಿಕೆ ಆದರೆ ಯಾರನ್ನು ಕರೆಯುತ್ತೀಯ. ನಾನು ಆ ಮನೆಗೆ ಬಂದರೆ ನಾನೂ ಉತ್ತರ ಹೇಳಬೇಕು. 'ಪಾಸ್' ಅನ್ನಲು ಇಬ್ಬರಿಗೂ ಹಕ್ಕಿದೆ.

ಪರದೆ ನೋಡಿ ನೋಡಿ ಮಗು ಬಳಲಿದ್ದರೆ ಪರದೆಯಿಂದ ಹೊರಗೆ ಕಳಿಸಿ. 'ನಿಮ್ಮ ಮನೆಯಲ್ಲಿ ನಿನಗೆ ಧೈರ್ಯ ಕೊಡುವ ವಸ್ತು ತಗೊಂಡು ಬಾ.' ಒಂದು ತಟ್ಟೆಯಲ್ಲಿ ರಾಗಿ ಹರಡಿ, ಗುಂಡಿ, ಮೆಕ್ಕೆಜೋಳದ ಕಾಳು, ಬಾಟಲಿ ಮುಚ್ಚಳ ಇಟ್ಟು ತನ್ನ ಮನೆ ಕಟ್ಟಲಿ, ಕ್ಯಾಮೆರಾ ಮೇಲಿಂದ ನೋಡಲಿ. ಒಂದು ಮಗು ಎಲ್ಲರನ್ನೂ ತಟ್ಟೆಯೊಳಗೆ ಇಟ್ಟು ಒಂದು ಕಾಳನ್ನು ಮಾತ್ರ ತಟ್ಟೆಯ ಹೊರಗೆ ನೆಲದ ಮೇಲಿಟ್ಟಿತ್ತು. ಅದು ಯಾರು ಅಂತ ನಾನು ಆ ದಿನ ಕೇಳಲಿಲ್ಲ. ಮುಂದಿನ ವಾರ ತಾನೇ ಹೇಳಿತು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೊ ಕಾಯ್ದೆ, 2012ರ ಪ್ರಕಾರ ನಾವು ತಿಳಿಸಲೇಬೇಕು. 'ಇಲ್ಲಿ ಹೇಳಿದ್ದು ಎಲ್ಲಿಗೂ ಹೋಗಲ್ಲ' ಅಂತ ಮಕ್ಕಳಿಗೆ ಮಾತು ಕೊಡಬೇಡಿ. 'ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ ಅದನ್ನು ನಿಲ್ಲಿಸಲು ನಾನು ದೊಡ್ಡವರಿಗೆ ಹೇಳಬೇಕಾಗುತ್ತದೆ' ಅಂತ ಮೊದಲ ದಿನವೇ ಹೇಳಿ. 1098 ಮಕ್ಕಳ ಸಹಾಯವಾಣಿ.

ಪ್ರಶ್ನಾವಳಿಯನ್ನು ಸುಮ್ನೆ ಕಳಿಸಬೇಡಿ

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9, ಆತಂಕ ಅಳೆಯುವ ಜಿಎಡಿ-7 ಇವನ್ನು ಫಾರ್ಮ್ ಮಾಡಿ ಲಿಂಕ್ ಕಳಿಸುವುದು ತುಂಬಾ ಸುಲಭ. ಅದರಲ್ಲೇ ಅಪಾಯ ಇದೆ. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಯಾರೋ ರಾತ್ರಿ ಒಂದು ಗಂಟೆಗೆ ಅದಕ್ಕೆ 'ದಿನಾಲೂ' ಅಂತ ಒತ್ತಿ ಕಳಿಸಿದರೆ, ನೀವು ಬೆಳಗ್ಗೆ ಹತ್ತಕ್ಕೆ ನೋಡುತ್ತೀರಿ. ಹಾಗಾಗಿ ಸೆಷನ್ ಒಳಗೇ, ಒಟ್ಟಿಗೆ ತುಂಬಿ. ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಬೋರ್ಡ್, ಸ್ಲೈಡ್ ಎಲ್ಲ ಮುಚ್ಚಿ, ನೇರವಾಗಿ ಕೇಳಿ. ಪಿಎಚ್‌ಕ್ಯೂಗೆ ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಂಭೀರವಾಗಿ ತಗೊಂಡು ಮನೋವೈದ್ಯರ ಹತ್ತಿರ ಕಳಿಸುವ ಯೋಚನೆ ಮಾಡಿ. ಅಂಕವನ್ನು ರೋಗದ ಹೆಸರಾಗಿ ಹೇಳಬೇಡಿ. ತಿಂಗಳಿಗೊಮ್ಮೆ ಅಂಕಗಳನ್ನು ಗೆರೆಯಾಗಿ ಜೋಡಿಸಿ ತೋರಿಸಿದರೆ, 'ನನಗೆ ಏನೂ ಕಮ್ಮಿ ಆಗಿಲ್ಲ' ಅನ್ನುತ್ತಿದ್ದವರು ತಾವೇ ಇಳಿದ ಗೆರೆ ನೋಡಿ ಸುಮ್ಮನಾಗುವುದುಂಟು.

ಸಾಧನ ಬೇಡವೇ ಬೇಡ ಅನ್ನುವ ಹೊತ್ತುಗಳೂ ಇವೆ. ಅವರು ಅಳುತ್ತಿದ್ದರೆ ಸ್ಕ್ರೀನ್ ಷೇರ್ ನಿಲ್ಲಿಸಿ, ನಿಮ್ಮ ಮುಖ ದೊಡ್ಡದಾಗಿ ಕಾಣಲಿ. ಸಾಯುವ ಮಾತು ಬಂದಾಗ, ಕುಡಿದು ಕೂತಿರುವಾಗ, 'ಯಾರೋ ನನ್ನನ್ನು ನೋಡುತ್ತಿದ್ದಾರೆ' ಅನ್ನುವ ಅನುಮಾನ ಇದ್ದವರ ಹತ್ತಿರ ಬೋರ್ಡ್ ತೆರೆಯಬೇಡಿ. ಹೊಡೆಯುವ ಗಂಡ ಹೆಂಡತಿಯ ಫೋನ್ ತೆಗೆದು ನೋಡುವ ಮನೆಯಾದರೆ ಲಿಂಕ್ ಕಳಿಸಲೇಬಾರದು, ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಅಂಥವರಿಗೆ ಮಹಿಳಾ ಸಹಾಯವಾಣಿಯ 181 ನಂಬರ್ ಬಾಯಲ್ಲಿ ಹೇಳಿ, ಅವರಿಗೆ ನೆನಪಿರುತ್ತದೆ.

ನನ್ನ ತಪ್ಪು

ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯಬೇಕು. ಒಬ್ಬರಿಗೆ ಪೂರ್ತಿ ಸ್ಕ್ರೀನ್ ಷೇರ್ ಮಾಡಿಕೊಂಡಿದ್ದಾಗ ಇನ್ನೊಬ್ಬ ಕ್ಲೈಂಟ್ ಕಳಿಸಿದ ಮೆಸೇಜ್ ಮೂಲೆಯಲ್ಲಿ ಮೇಲೆದ್ದಿತು. ಹೆಸರು, ಒಂದೂವರೆ ಸಾಲು. ಎರಡು ಸೆಕೆಂಡ್ ಇರಬಹುದು. ಎದುರಿದ್ದವರು ನೋಡಿದರು. ಅವರು ಏನೂ ಅನ್ನಲಿಲ್ಲ, ಆದರೆ ಅವತ್ತಿನಿಂದ ಅವರ ಮಾತು ಕಮ್ಮಿಯಾಯಿತು, ನಾಲ್ಕನೇ ವಾರ ಬರುವುದನ್ನೇ ಬಿಟ್ಟರು. ಮೆಸೇಜ್ ಕಳಿಸಿದವರಿಗೂ ನಾನು ಆದದ್ದನ್ನು ಹೇಳಿ ಕ್ಷಮೆ ಕೇಳಿದೆ.

ಅಂದಿನಿಂದ ಮಾಡುವುದು ಇಷ್ಟು. ಪೂರ್ತಿ ಸ್ಕ್ರೀನ್ ಷೇರ್ ಮಾಡುವುದಿಲ್ಲ, ಒಂದೇ ಒಂದು ಕಿಟಕಿ. ಕಂಪ್ಯೂಟರ್‌ನಲ್ಲಿ 'ಡು ನಾಟ್ ಡಿಸ್ಟರ್ಬ್' ಹಾಕಿದ ಮೇಲೆಯೇ ಕಾಲ್ ಶುರು. ಕೌನ್ಸೆಲಿಂಗ್‌ಗೆ ಬ್ರೌಸರ್‌ನಲ್ಲಿ ಬೇರೆಯೇ ಪ್ರೊಫೈಲ್, ಅದರಲ್ಲಿ ಮೆಸೇಜ್ ಆ್ಯಪ್ ಇಲ್ಲ, ಮೇಲ್ ಇಲ್ಲ. ಫೈಲ್‌ಗೆ ಕ್ಲೈಂಟ್ ಹೆಸರು ಇಡುವುದಿಲ್ಲ, ನಂಬರ್ ಮಾತ್ರ. ಒಬ್ಬರ ಬೋರ್ಡ್ ಇನ್ನೊಬ್ಬರಿಗೆ ಬಳಸುವುದಿಲ್ಲ, ಪ್ರತಿ ಸಲವೂ ಖಾಲಿ ಮೂಲಪ್ರತಿಯಿಂದ ಹೊಸದು. ರೆಕಾರ್ಡಿಂಗ್ ಮತ್ತು ತಾನಾಗಿ ಟಿಪ್ಪಣಿ ಬರೆಯುವ ಎಐ ಎರಡನ್ನೂ ಆಫ್ ಮಾಡಿಟ್ಟಿದ್ದೇನೆ.

ಸೆಷನ್ ಮುಗಿಯುವ ಮುಂಚೆ ಕೇಳಬೇಕಾದ ಪ್ರಶ್ನೆ: 'ಇದನ್ನು ಏನು ಮಾಡೋಣ?' ಬೋರ್ಡ್ ಅವರದ್ದು. ಕೆಲವರು ಅಳಿಸಿಬಿಡಿ ಅನ್ನುತ್ತಾರೆ, ಅವರ ಕಣ್ಣೆದುರೇ ಅಳಿಸಿ. ಕೆಲವರಿಗೆ ಪ್ರತಿ ಬೇಕು. ನಮ್ಮಲ್ಲಿ ಉಳಿಯುವುದಾದರೆ ಪಿಡಿಎಫ್ ಮಾಡಿ ಪಾಸ್‌ವರ್ಡ್ ಹಾಕಿ, ಲಿಂಕ್‌ನ ಹಂಚಿಕೆ ಬಂದ್ ಮಾಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಕ್ಲೈಂಟ್‌ಗಳ ಗುಟ್ಟು ಕಾಯುವುದನ್ನು ಅವರ ಹಕ್ಕು ಅಂತಲೇ ಹೇಳುತ್ತದೆ. ಒಂದು ಗೆರೆ, ಎರಡು ಚುಕ್ಕಿ ಇದ್ದರೂ ಅದು ಒಬ್ಬರ ಒಳಗಿನ ಮಾತು.

ಕರೆಂಟ್ ಹೋದರೆ

ಹೋಗೇ ಹೋಗುತ್ತದೆ. ಹಾಗಾಗಿ ಮೊದಲೇ ಮಾತಾಡಿಕೊಳ್ಳಿ: ವಿಡಿಯೋ ನಿಂತರೆ ನಾನು ಎರಡು ನಿಮಿಷದಲ್ಲಿ ಸಾದಾ ಕಾಲ್ ಮಾಡುತ್ತೇನೆ, ನೀವು ಹಾಳೆ ಪೆನ್ನು ಹತ್ತಿರ ಇಟ್ಟುಕೊಂಡಿರಿ. ಹೊನ್ನಾಳಿ ಕಡೆಯ ಅರವತ್ತು ದಾಟಿದ ಒಬ್ಬರಿಗೆ ಝೂಮ್ ಪೆನ್ಸಿಲ್ ಒಗ್ಗಲೇ ಇಲ್ಲ. ಹೆಂಡತಿ ತೀರಿಕೊಂಡಿದ್ದರು. ಮೊಮ್ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಕ್ಯಾಮೆರಾಗೆ ಹಿಡಿಯುತ್ತಾರೆ. ಅವರ 0ಯಿಂದ 10ರ ಗೆರೆ ಯಾವತ್ತೂ ನೆಟ್ಟಗಿರುವುದಿಲ್ಲ. ಕಳೆದ ವಾರ ಸಿಗ್ನಲ್ ಹೋಗಿ ಚಿತ್ರ ನಿಂತುಹೋಯಿತು, ಮಾತು ಮಾತ್ರ ಕೇಳುತ್ತಿತ್ತು. 'ಚುಕ್ಕಿ ಎಲ್ಲಿಟ್ರಿ?' ಅಂದೆ. 'ನಡುಕ್ಕಿಂತ ಸ್ವಲ್ಪ ಈಚೆ' ಅಂದರು. ನಾನೂ ನನ್ನ ಹಾಳೆಯ ಮೇಲೆ ಅಲ್ಲೇ ಇಟ್ಟುಕೊಂಡು, ಮುಂದೆ ಕೇಳಿದೆ.